ಗಡಿಯಾರದಂಗಡಿಯ ಅರಳು

ಗಡಿಯಾರ ರಿಪೇರಿಯ ಮನೆಯಲ್ಲಿ ಮೌನವೇ ಬಂಡವಾಳ. ಮುಂದಿನ ಕೋಣೆಯೇ ಅಂಗಡಿ. ಅಪ್ಪ ಕೈಗಡಿಯಾರವನ್ನು ಕಿವಿಗೊತ್ತಿ ಉಸಿರು ಬಿಗಿಹಿಡಿದನೆಂದರೆ ಒಳಗೆ ಅಮ್ಮ ಪಾತ್ರೆ ಮುಟ್ಟುತ್ತಿರಲಿಲ್ಲ. ಜಪಕ್ಕೆ ಕೂತ ಅಜ್ಜಿಯ ತುಟಿ ಅಲ್ಲಾಡುತ್ತಿತ್ತು, ಅಷ್ಟೆ. ಈ ಕಟ್ಟಳೆ ಮುರಿಯುತ್ತಿದ್ದವಳು ಎರಡನೇ ಕ್ಲಾಸಿನ ಮಗಳೊಬ್ಬಳೇ. ಅರಳು ಹುರಿದಂತೆ ಮಾತಾಡುವಳೆಂದು ಅಜ್ಜಿ ಅವಳನ್ನು ಅರಳು ಎಂದೇ ಕರೆಯುತ್ತಿದ್ದರು.

"ಬಾಯಿಗೆ ಬೀಗ ಹಾಕ್ಕೊಳ್ಳೇ ತಾಯಿ. ಈ ಮುದುಕನ ಎದೆಬಡಿತ ಕೇಳ್ತಾ ಇದೀನಿ," ಎಂದು ಅಪ್ಪ ಕೈಯಲ್ಲಿದ್ದ ಹಳೇ ಗಡಿಯಾರ ತೋರಿಸುತ್ತಿದ್ದ.

ಆಮೇಲೆ ಮೂರ್ಛೆರೋಗ ಬಂತು. ಶಾಲೆಯಲ್ಲೊಮ್ಮೆ, ಮನೆಯಲ್ಲಿ ಮತ್ತೆ ಮತ್ತೆ, ಕೈಕಾಲು ಸೆಟೆದು ಬಿದ್ದಳು. ಡಾಕ್ಟರಮ್ಮ ಕೊಟ್ಟ ಮಾತ್ರೆ ಹಿಡಿಯಿತು. ಫಿಟ್ಸ್ ನಿಂತಿತು. ಅದರ ಬೆನ್ನಿಗೇ ಮಾತೂ ನಿಂತಿತು.

ಅಪ್ಪನಿಗೆ ಇದು ವರವಾಗಿ ಕಂಡಿತು. ಮಗಳು ಬೆಂಚಿನ ಪಕ್ಕ ಕೂತು ಗೋಡೆಗಡಿಯಾರದ ಲೋಲಕವನ್ನೇ ನೋಡುತ್ತಿದ್ದಳು. "ಕಾಯಿಲೆ ಬಂದು ಗಾಂಭೀರ್ಯ ಕಲಿಸ್ತು ನೋಡಮ್ಮ," ಎಂದು ಅಜ್ಜಿಯ ಮುಂದೆ ಹಿಗ್ಗಿದ. ಅಜ್ಜಿ ಮೊಮ್ಮಗಳನ್ನು ಹತ್ತಿರಕ್ಕೆಳೆದುಕೊಂಡರು.

ಅಮ್ಮ ಕಂಡದ್ದು ಬೇರೆ. ಕತ್ತರಿ ಬೇಕಾದಾಗ ಮಗಳಿಗೆ ಹೆಸರು ಸಿಗದೆ ಎರಡು ಬೆರಳು ಆಡಿಸಿ ತೋರಿಸಿದ್ದಳು. ಬಾಯಿಪಾಠವಾಗಿದ್ದ ಮಗ್ಗಿ ಅರ್ಧಕ್ಕೇ ಕರಗಿತ್ತು. ಕಾಲುಚೀಲ ತಿರುವುಮುರುವಾಯಿತೆಂದು ಗೋಡೆಗೆ ತಲೆ ಚಚ್ಚಿಕೊಂಡು ಅತ್ತಿದ್ದಳು. ರೋಗವು ಮಗುವಿನ ಬುದ್ಧಿಯನ್ನೇ ತಿನ್ನುತ್ತಿದೆಯೆಂದು ಅಮ್ಮನಿಗೆ ಅನ್ನಿಸಿತ್ತು. ಆದರೆ ಬಾಯಿ ಬಿಡಲು ಭಯ. ಹೇಳಿದ ಮೇಲೆ ಡಾಕ್ಟರಮ್ಮ ಈ ಮಾತ್ರೆಯಿಂದ ಗುಣವಿಲ್ಲವೆಂದು ಅದನ್ನು ನಿಲ್ಲಿಸಿ, ಮಗು ಮತ್ತೆ ನೆಲಕ್ಕೆ ಬಿದ್ದರೆ?

ತಪಾಸಣೆಗೆ ಎಲ್ಲರೂ ಹೋದರು.

"ಹೇಗಿದಾಳೆ?" ಎಂದು ಡಾಕ್ಟರಮ್ಮ ಕೇಳಿದರು.

"ಬಂಗಾರದಂಥ ಮಗು, ಮೇಡಂ. ಮನೇಲಿ ಇದಾಳೋ ಇಲ್ವೋ ಅಂತಲೇ ಗೊತ್ತಾಗಲ್ಲ," ಎಂದ ಅಪ್ಪ.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಮೊದಲಿಂದಲೂ ಹೀಗೇನಾ?"

"ಇವಳಾ?" ಎಂದರು ಅಜ್ಜಿ. "ಕಲ್ಲನ್ನೂ ಮಾತಾಡಿಸೋಳು. ನನ್ನ ಜಪದ ಮಧ್ಯೆ ಬಂದು ದೇವರನ್ನೇ ಊಟ ಆಯ್ತಾ ಅಂತ ವಿಚಾರಿಸ್ಕೊಳ್ತಿದ್ಲು. ಈಗ ಅವನನ್ನ ಕೇಳೋರಿಲ್ಲ."

ಅಪ್ಪನ ಮುಖ ಬಾಡಿತು. ಅಮ್ಮ ಅದುಮಿಟ್ಟದ್ದೆಲ್ಲ ಹೊರಬಂತು. ಕೊನೆಗೆ ಕೇಳಿಯೇಬಿಟ್ಟಳು: "ನನ್ನ ಮಗೂಗೆ ಬುದ್ಧಿ ಮಂಕಾಗೇ ಹೋಯ್ತಾ?"

"ಹಾಗೆ ಕಾಣಲ್ಲಮ್ಮ. ಇದೆಲ್ಲ ಶುರುವಾಗಿದ್ದು ಮಾತ್ರೆ ಶುರುಮಾಡಿದ ಮೇಲೆ ತಾನೆ? ಕೆಲವು ಮಕ್ಕಳಿಗೆ ಈ ಮಾತ್ರೆ ಹೀಗೆ ಮಾಡುತ್ತೆ. ಮಾತು ತಡವರಿಸುತ್ತೆ, ಮಂಕು ಕವಿಯುತ್ತೆ, ಸುಮ್ಮಸುಮ್ಮನೆ ಅಳು, ಸಿಟ್ಟು. ಬೇರೆ ಮಾತ್ರೆ ಶುರುಮಾಡಿ ಇದನ್ನ ನಿಧಾನಕ್ಕೆ ಇಳಿಸೋಣ. ನೀವಾಗಿ ಒಂದು ಹೊತ್ತೂ ತಪ್ಪಿಸಬೇಡಿ. ಇದನ್ನೆಲ್ಲ ಮೊದಲೇ ಹೇಳಬಾರದಿತ್ತಾ?"

ಅಮ್ಮ ಅಲ್ಲೇ ಕೂತು ಸದ್ದಿಲ್ಲದೆ ಅತ್ತಳು. ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು.

"ಯಾರ್ಯಾರದೋ ಗಡಿಯಾರ ನಿಂತದ್ದು ತಿಳಿಯುತ್ತೆ ನನಗೆ," ಎಂದ ಅಪ್ಪ ಬಸ್ಸಿನಲ್ಲಿ. "ಮನೇದು ತಿಳೀಲಿಲ್ಲ."

"ತಿಳೀತು. ಒಳ್ಳೇದಾಯ್ತು ಅಂದ್ಕೊಂಡ್ರಿ," ಎಂದಳು ಅಮ್ಮ.

ಮಾತ್ರೆ ಬದಲಾಗುವ ವಾರಗಳಲ್ಲಿ ಅಮ್ಮ ಮಗಳ ಬಳಿಯಿಂದ ಕದಲಲಿಲ್ಲ. ಒಂದು ಬೆಳಿಗ್ಗೆ ಸಣ್ಣ ಫಿಟ್ಸ್ ಬಂತು. ಡಾಕ್ಟರಮ್ಮ ಫೋನಿನಲ್ಲೇ ಧೈರ್ಯ ಹೇಳಿ ಪ್ರಮಾಣ ಸರಿಮಾಡಿದರು. ಆಮೇಲೆ ಬಂದಿಲ್ಲ. ಲೆಕ್ಕದಲ್ಲಿ ಮಗಳು ಇನ್ನೂ ಎಡವುತ್ತಾಳೆ, ಅದಕ್ಕೆ ಸಮಯ ಬೇಕಂತೆ.

ಮೊನ್ನೆ ದಪ್ಪ ಮೀಸೆಯ ಗಿರಾಕಿಯೊಬ್ಬರು ಬಂದರು. ಅಪ್ಪ ಅವರ ಗಡಿಯಾರವನ್ನು ಕಿವಿಗೊತ್ತುವಷ್ಟರಲ್ಲಿ ಅರಳು ಬೆಂಚಿಗೆ ಗಲ್ಲ ಊರಿದಳು.

"ಮಾಮ, ಹಾಲು ಕುಡಿಯುವಾಗ ಮೀಸೆ ನೆನೆಯಲ್ವಾ? ಈ ಕಡೆ ಮಾತ್ರ ಬಿಳೀ ಯಾಕೆ? ಅದಕ್ಕೆ ಬೇರೆ ಬಾಚಣಿಗೆ ಇದೆಯಾ?"

ಅಮ್ಮ ಬಾಗಿಲಿಗೆ ಬಂದು ನಿಂತಳು.

"ಇವಳು ಯಾವಾಗಲೂ ಹೀಗೇನಾ?" ಎಂದರು ಗಿರಾಕಿ.

"ಹೂಂ," ಎಂದ ಅಪ್ಪ. ಅವಳ ಮಾತಿನ ನಡುವೆ ಗಡಿಯಾರದ ಸದ್ದೇ ಕೇಳಿಸುತ್ತಿರಲಿಲ್ಲ. ಅದನ್ನು ಮೆಲ್ಲಗೆ ಕೆಳಗಿಟ್ಟ.

"ನಂದು ಯಾವಾಗ ಸಿಗುತ್ತೆ?"

"ಇವಳ ಮಾತು ಮುಗೀಲಿ."

"ಅದು ಮುಗಿಯೋದ್ಯಾವಾಗ?"

"ಸದ್ಯಕ್ಕಂತೂ ಇಲ್ಲ, ಸ್ವಾಮಿ. ಮುಂದಿನ ವಾರ ಬನ್ನಿ," ಎಂದ ಅಪ್ಪ. ಗಿರಾಕಿ ಏಳಹೊರಟಾಗ ಕೈ ಅಡ್ಡ ಹಿಡಿದ. "ಇರಿ, ಹೋಗ್ಬೇಡಿ. ಮಗು ಕೇಳಿದ್ದಕ್ಕೆ ಉತ್ತರ ಹೇಳಿ. ನೆನೆಯುತ್ತಾ, ಇಲ್ವಾ?"