ಕೊಯ್ದ ಹಾಸು

ಅಣೆಕಟ್ಟಿನ ನೀರು ಬರುತ್ತದೆಂದು ನಮ್ಮೂರಿನವರೆಲ್ಲ ಗಂಟುಮೂಟೆ ಕಟ್ಟಿ ಹೋದರು. ನಮ್ಮ ಯಜಮಾನರು ಮಾತ್ರ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತ ಕೂತರು. ಮಗ್ಗಕ್ಕೆ ಒಮ್ಮೆ ಹಾಸಿನ ಉದ್ದೆಳೆ ಏರಿಸಿದ ಮೇಲೆ ಕೊನೆಯವರೆಗೆ ನೇಯ್ದೇ ಇಳಿಸಬೇಕು, ನಡುವೆ ಕೊಯ್ದರೆ ಮನೆಯ ಕೂಸಿಗೆ ಕೇಡು ಎಂದು ಇವರ ಮನೆತನದ ನಂಬಿಕೆ. ಅತ್ತೆ ಒಮ್ಮೆ ಕೊಯ್ದಿದ್ದರಂತೆ. ಇವರ ತಮ್ಮ ತೊಟ್ಟಿಲಲ್ಲೇ ಹೋದನಂತೆ.

ಮಗಳು ಕನ್ನಮ್ಮ ಚೊಚ್ಚಲ ಹೆರಿಗೆಗೆ ಬಂದಿದ್ದಳು, ದಿನ ತುಂಬಿತ್ತು. ಅವಳ ಕೂಸಿನ ಬಟ್ಟೆಗೆಂದೇ ಆ ಹಾಸು. ಸಾಗರ ಪೇಟೆಗೆ ಹೋಗೋಣವೆಂದರೆ, ನೇಯ್ದು ಮುಗಿಯಲಿ ಎಂದು ಇವರದು ಒಂದೇ ಹಟ.

ಜೀಪಿನಲ್ಲಿ ಬಂದ ಸಾಹೇಬರೊಬ್ಬರು, "ಈ ನೀರಿಂದ ಕರೆಂಟು, ಕರೆಂಟಿಂದ ಬಟ್ಟೆ ಗಿರಣಿ. ದೇಶಕ್ಕೆಲ್ಲ ಬಟ್ಟೆ ಆಗ್ತದೆ" ಎಂದರು.

"ಹಂಗಾರೆ ಬಟ್ಟೆ ಮಾಡಕ್ಕೆ ಮಗ್ಗ ಮುಳುಗಿಸ್ತೀರಾ ಸ್ವಾಮಿ?" ಎಂದು ಇವರು ನಕ್ಕರು. ಸಾಹೇಬರೂ ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಮಳೆ ಬಿಟ್ಟು ಬಿಸಿಲು ಕಾಯಿತು. ಒಣಹವೆಗೆ ಹತ್ತಿ ನೂಲು ಪಟಪಟ ಹರಿಯಬೇಕಿತ್ತು, ಹರಿಯಲಿಲ್ಲ.

"ಗುಂಡಿ ಎಷ್ಟು ತಂಪೈತೆ ನೋಡೇ! ಒಂದೆಳೆ ಹರೀಲಿಲ್ಲ. ದೇವಿ ಚೌಡಮ್ಮ ಕೈ ಹಿಡಿದಾಳೆ" ಎಂದು ಇವರು ಹಿಗ್ಗಿದರು. ನಾನೂ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಹೊಳೆ ಇನ್ನೂ ಗದ್ದೆಯಾಚೆಗಿತ್ತು. ನೀರು ನೆಲದಡಿಯಿಂದ ಬರುತ್ತಿದೆಯೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಗುಂಡಿಯಲ್ಲಿ ಮೊಣಕಾಲುದ್ದ ಕೆಂಪು ನೀರು. ಅದರಲ್ಲೇ ಕಾಲಿಟ್ಟುಕೊಂಡು ಇವರು ಲಾಳಿ ಓಡಿಸುತ್ತಿದ್ದರು. ಹೊರಗೆ ಗದ್ದೆಯೂ ಇಲ್ಲ, ರಸ್ತೆಯೂ ಇಲ್ಲ. ಒಳಗೆ ಕನ್ನಮ್ಮನಿಗೆ ನೋವು ಶುರುವಾಗಿತ್ತು. ಅಂಬಿಗರ ಬೆಳ್ಳಪ್ಪ ನಮ್ಮ ಅಂಗಳಕ್ಕೇ ದೋಣಿ ತಂದು ಇವರನ್ನು ಕೂಗಿದ: "ವಾಸಣ್ಣ, ಬಂದ್ರಾ? ನಾ ಇನ್ನೊಂದ್ಸಲ ಬರಕ್ಕಾಗಲ್ಲ!"

"ಇನ್ನೊಂದು ಮೊಳ ಐತೆ, ತಡಿಯೋ."

ನನಗೆ ಪಿತ್ತ ನೆತ್ತಿಗೇರಿತು. ಕುಡುಗೋಲು ತಂದು ಹಾಸನ್ನು ಅಡ್ಡಕ್ಕೆ ಕೊಯ್ದೆ. ಇವರು ಬೈಯಲಿಲ್ಲ, ಹೊಡೆಯಲಿಲ್ಲ. ಎದ್ದು ಬಂದು ಮಗಳನ್ನು ಎತ್ತಿಕೊಂಡು ದೋಣಿ ಹತ್ತಿದರು.

ಆಚೆ ದಡದ ಗುಡಿಸಲಲ್ಲಿ ಹೆರಿಗೆಯಾಯಿತು. ಗಂಡುಮಗು, ಗುಂಡುಗುಂಡಗಿತ್ತು. ನಾನೇ ಗೆದ್ದೆ ಅಂದುಕೊಂಡೆ. ಇವರು ಮಾತ್ರ ಇವತ್ತಿಗೂ ಅದನ್ನು ಮಡಿಲಿಗೆ ಹಾಕಿಕೊಂಡಿಲ್ಲ.

"ಎತ್ಕೊಳ್ರೀ, ನಿಮ್ಮ ಮೊಮ್ಮಗ" ಎಂದರೆ, "ಬ್ಯಾಡ, ಆಸೆ ಹತ್ತತೈತೆ" ಅನ್ನುತ್ತಾರೆ.

ನನಗೆ ಮೈ ಉರಿಯುತ್ತದೆ. ಕೊಯ್ಯದಿದ್ದರೆ ತಾಯಿ ಮಗು ಇಬ್ಬರೂ ನೀರು ಪಾಲಾಗುತ್ತಿದ್ದರು ಎಂದು ಊರಿಗೆಲ್ಲ ಕೇಳುವಂತೆ ಕೂಗಾಡಿದ್ದೇನೆ.

ನಿನ್ನೆ ಮಗುವಿನ ಮೈ ಸುಡುತ್ತಿತ್ತು. ಇವರು ಅಂದು ಕುಡುಗೋಲು ಹಿಡಿದಿದ್ದ ನನ್ನ ಬಲಗೈಯನ್ನೇ ನೋಡಿದರು. ಕನ್ನಮ್ಮ ಮಗುವನ್ನು ನನ್ನತ್ತ ಚಾಚಿ, "ಅವ್ವಾ, ಸ್ವಲ್ಪ ಹಿಡ್ಕೊ" ಎಂದಳು. ನಾನು ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡೆ.