ಚಿಕನ್ ಕೆಳಗಿನ ಬ್ರೆಡ್ಡು

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ನನ್ನ ಗಂಡ ಹೋಬರ್ಟ್ ಒಂಬತ್ತು ವಾರ ನಾನು ಬೇಯಿಸಿ ಹಾಕಿದ್ದನ್ನು ತಕರಾರಿಲ್ಲದೆ ತಿಂದ. ನನಗೆ ಭಯವಾಗಿದ್ದು ಅದಕ್ಕೇ. ನಲವತ್ತು ವರ್ಷದಲ್ಲಿ ಒಂದು ಊಟಕ್ಕೂ ಕೊಂಕು ತೆಗೆಯದೆ ಎದ್ದವನಲ್ಲ.

ಹತ್ತನೆಯ ವಾರ, ಶುಕ್ರವಾರ ಬೆಳಿಗ್ಗೆ, ಕಾಫಿ ಲೋಟ ಕೆಳಗಿಟ್ಟು ಹೇಳಿದ: “ನಾಳೆ ಅಂಗಡಿಗೆ ಹೋಗ್ತೀನಿ. ಖಾರದ ಚಿಕನ್ ತಿಂತೀನಿ. ಸತ್ರೆ ಸಾಯ್ತೀನಿ.”

“ಸಾಯೋನು ನೀನು, ಆಂಬುಲೆನ್ಸಿಗೆ ಫೋನ್ ಮಾಡೋಳು ನಾನು,” ಎಂದೆ. “ಒಂದ್ಸಲ ಮನೇಲಿ ಮಾಡ್ತೀನಿ. ಹಿಡಿಸಲಿಲ್ಲ ಅಂದ್ರೆ ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ.”

“ಮಾತು ಕೊಡ್ತೀಯಾ?”

“ಕೊಟ್ಟೆ.”

ಖಾರದ ಚಿಕನ್ನಿಗೇ ಹೆಸರಾದ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದವನು ಆ ಅಂಗಡಿಗೆ ಒಂದು ಶನಿವಾರ ಹೋದರೆ ಮುಂದಿನ ಶನಿವಾರ ಬಿಡುತ್ತಾನೆಯೇ? ಇನ್ನೊಂದು ಸಲ ಎದೆನೋವು ಬಂದರೆ ಕಷ್ಟ ಎಂದು ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದ್ದರು.

ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದವಳು ನಾನು. ಚಿಕನ್ನಿನ ಚರ್ಮ ತೆಗೆದು ಮಜ್ಜಿಗೆಯಲ್ಲಿ ನೆನೆಹಾಕಿದೆ. ಮರುದಿನ ಕಾರ್ನ್‌ಫ್ಲೇಕ್ಸ್ ಪುಡಿಮಾಡಿ ಮೆತ್ತಿ, ತಂತಿ ಜಾಲರಿಯ ಮೇಲಿಟ್ಟು ಓವನ್ನಿಗೆ ತಳ್ಳಿದೆ. ತೊಡಕಾದದ್ದು ಖಾರದ ಲೇಪದಲ್ಲಿ. ಕರಿದ ಬಾಣಲೆಯಿಂದ ಕುದಿಯುವ ಹಂದಿ ಕೊಬ್ಬನ್ನು ಸೌಟಿನಲ್ಲಿ ತೆಗೆದು ಮೆಣಸಿನ ಪುಡಿಗೆ ಸುರಿಯುವುದು ನಮ್ಮ ಪದ್ಧತಿ. ಈಗ ಬಾಣಲೆಯೇ ಇಲ್ಲ. ಒಂದು ತುಂಡಿಗೆ ಪುಡಿಯನ್ನು ಹಾಗೇ ಉದುರಿಸಿ ರುಚಿ ನೋಡಿ ಐದು ನಿಮಿಷ ಕೆಮ್ಮಿದೆ. ಕೊನೆಗೆ ಎರಡು ಚಮಚ ಎಣ್ಣೆ ಕಾಯಿಸಿ ಪುಡಿಗೆ ಹಾಕಿದಾಗ ಬಟ್ಟಲು ಕೆಂಪಗೆ ಉಸಿರಾಡಿತು. ಅದನ್ನೇ ಚಿಕನ್ನಿಗೆ ತೆಳ್ಳಗೆ ಸವರಿದೆ. ಜೊತೆಗೆ ಸಣ್ಣಗೆ ಹೆಚ್ಚಿದ ಎಲೆಕೋಸಿಗೆ ಮೇಯನೇಸ್ ಬದಲು ಗಟ್ಟಿ ಮೊಸರು ಕಲಸಿದೆ.

ಊಟಕ್ಕೆ ಹೋಬರ್ಟನ ಅಕ್ಕ ಅರ್ಲೀನ್ ಬಂದಳು. “ಓವನ್ನಲ್ಲಿ ಖಾರದ ಚಿಕನ್ನಾ! ನಮ್ಮಮ್ಮ ಗೋರಿಯಿಂದ ಎದ್ದು ಬರ್ತಾಳೆ ನೋಡು, ವರ್ಡೆಲ್.”

“ಬರಲಿ ಅತ್ತಿಗೆ, ಇನ್ನೊಂದು ತಟ್ಟೆ ಇಡ್ತೀನಿ.”

ಎಂದಿನಂತೆ ಕೆಳಗೆ ಎರಡು ಬಿಳಿ ಬ್ರೆಡ್ಡು, ಮೇಲೆ ಚಿಕನ್, ಅದರ ಮೇಲೆ ಸೌತೆಕಾಯಿ ಉಪ್ಪಿನಕಾಯಿಯ ಬಿಲ್ಲೆ. ಹೋಬರ್ಟ್ ಕಚ್ಚಿದ. ಕರುಂ ಎಂದಿತು. ಹಣೆ ಬೆವರಿತು, ಮೂಗು ಸುರಿಯಿತು. ನಡುನಡುವೆ ಕೋಸು ಬಾಯಿಗೆ ಹಾಕಿ ಉರಿ ತಣಿಸಿಕೊಂಡ. ಗೆದ್ದೆ ಅಂದುಕೊಂಡೆ.

ಮೂಳೆ ಪಕ್ಕಕ್ಕಿಟ್ಟು ಅವನು ಬ್ರೆಡ್ಡನ್ನು ಎತ್ತಿದ. ತಿರುಗಿಸಿ ನೋಡಿದ. ಬೆಳ್ಳಗೆ, ಒಣಗಿಕೊಂಡು ಇತ್ತು.

“ಇದು ಬರೀ ಬ್ರೆಡ್ಡು,” ಎಂದ.

ಕೊಂಕಾಡಲು ಬಂದಿದ್ದ ಅರ್ಲೀನ್ ಕೂಡ ತನ್ನ ಬ್ರೆಡ್ಡನ್ನು ತಿರುಗಿಸಿ ನೋಡಿದಳು. ಅಕ್ಕ ತಮ್ಮ ಬೆಳೆದ ಮನೆಯಲ್ಲಿ ಚಿಕನ್ ಅಪ್ಪನಿಗೆ, ಎಣ್ಣೆ ಹೀರಿ ಕೆಂಪಾದ ಬ್ರೆಡ್ಡು ಮಕ್ಕಳಿಗೆ. ಅವರಿಬ್ಬರೂ ಖಾರ ಕಲಿತದ್ದೇ ಅದರಿಂದ. ಎಣ್ಣೆ ತೆಗೆದವಳು ನಾನು. ಅದು ಇಳಿದು ಎಲ್ಲಿಗೆ ಹೋಗುತ್ತಿತ್ತು ಎಂದು ಯೋಚಿಸಿರಲಿಲ್ಲ. ಬ್ರೆಡ್ಡು ಇಡಬೇಕು ಎಂದು ಇಟ್ಟಿದ್ದೆ, ಅಷ್ಟೇ.

ಮಾತು ಮಾತೇ. ಎದ್ದು ಕಾರಿನ ಕೀ ತೆಗೆದುಕೊಂಡೆ. “ನಡಿ, ಕರ್ಕೊಂಡು ಹೋಗ್ತೀನಿ.”

ಹೋಬರ್ಟ್ ಕೀಯನ್ನು ನೋಡಿದ, ನನ್ನ ಮುಖ ನೋಡಿದ. ಬ್ರೆಡ್ಡು ಕೈಯಲ್ಲೇ ಇತ್ತು, ಅವನು ಏಳಲಿಲ್ಲ.

“ಖಾರ ಕಲಸಿದ ಬಟ್ಟಲು ತೊಳೆದ್ಯಾ?”

“ಇಲ್ಲ. ಯಾಕೆ?”

“ತಗೊಂಡು ಬಾ ಮಾರಾಯ್ತಿ.”

ತಂದುಕೊಟ್ಟೆ. ತಳದಲ್ಲಿ ಅರ್ಧ ಚಮಚ ಉಳಿದಿದ್ದರೆ ಹೆಚ್ಚು. ಬ್ರೆಡ್ಡಿನಿಂದ ಬಟ್ಟಲನ್ನು ಸುತ್ತಲೂ ಒರೆಸಿದ, ತುಂಡು ಕೆಂಪಾಯಿತು. ಹರಿದು ಅರ್ಧ ಅಕ್ಕನಿಗೆ ಕೊಟ್ಟ. ಇಬ್ಬರೂ ಕಣ್ಣು ಮುಚ್ಚಿ ಅಗಿದರು.

“ಮುಂದಿನ ಶನಿವಾರ ಬಟ್ಟಲಲ್ಲಿ ಇನ್ನೊಂಚೂರು ಬಿಡು.”

“ಬಿಡಲ್ಲ.”

“ಆಮೇಲೆ, ಈ ಕೋಸಿಗೆ ಉಪ್ಪು ಸಾಲದು. ಮೊಸರು ಹುಳಿ. ಚಿಕನ್ ಇನ್ನೆರಡು ನಿಮಿಷ ಮುಂಚೆ ತೆಗೀಬೇಕಿತ್ತು.”

ಅವನು ಇನ್ನೂ ಹೇಳುತ್ತಲೇ ಇದ್ದ. ನಾನು ಹೋಗಿ ಕೀಯನ್ನು ಮೊಳೆಗೆ ನೇತುಹಾಕಿ ಬಂದೆ.