ಗಾಳೆಪ್ಪ ಓದಿದ ಕಲ್ಲಿನ ಪುಸ್ತಕ

ಗದಗಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ಸುನಿತಾ ಟೀಚರ್ ಮನೆಯಲ್ಲಿ ತಿಂಗಳ ಮೊದಲ ರವಿವಾರ ಸಂಜೆ ನಾಲ್ಕಕ್ಕೆ ಓದುವ ಮಂದಿ ಸೇರುತ್ತಾರೆ. ಎಂಟೋ ಹತ್ತೋ ಜನ. ಈ ತಿಂಗಳು ಏನು ಓದಿದೆ, ಅದರಲ್ಲಿ ಏನಿತ್ತು ಎಂದು ಒಬ್ಬೊಬ್ಬರಾಗಿ ಹೇಳುವುದು. ನಡುವೆ ಗಿರಮಿಟ್ಟು, ಚಹಾ. ಅದಕ್ಕೆ ಹೆಸರಿಲ್ಲ, ಫಲಕವಿಲ್ಲ.

ಹಳಬರಲ್ಲಿ ಹುಚ್ಚೀರಪ್ಪನವರದೇ ದೊಡ್ಡ ದನಿ. ಸಹಕಾರಿ ಸಂಘದ ನೌಕರಿಯಿಂದ ನಿವೃತ್ತರಾಗಿ ಹನ್ನೆರಡು ವರ್ಷ. ತಿಂಗಳಿಗೆ ಮೂರು ಪುಸ್ತಕಕ್ಕೆ ಕಡಿಮೆ ಓದಿದವರಲ್ಲ, ಒಂದನ್ನೂ ಪೂರ್ತಿ ಮೆಚ್ಚಿದವರಲ್ಲ. ಬೆಟಗೇರಿಯ ಅಮೃತವ್ವ ಓದುವುದಿಲ್ಲ, ಕೇಳುತ್ತಾರೆ. ಅವರು ಮಗ್ಗದಲ್ಲಿ ಕೂತು ಸೀರೆ ನೇಯುವಾಗ ಮಗಳು ಕಾವೇರಿ ಪಕ್ಕದಲ್ಲಿ ಕೂತು, ಮಗ್ಗದ ಸದ್ದಿಗಿಂತ ದನಿ ಏರಿಸಿ ಓದುತ್ತಾಳೆ. ಕೇಳಿದ್ದನ್ನು ಅಮೃತವ್ವ ಒಂದು ಮಾತೂ ಮರೆಯದೆ ಇಲ್ಲಿ ಬಂದು ಹೇಳುತ್ತಾರೆ.

ಕಳೆದ ಮಳೆಗಾಲದಲ್ಲಿ ಟೀಚರ್ ಮನೆಯ ಕಂಪೌಂಡ್ ಗೋಡೆ ಹೊಟ್ಟೆ ಬಿಟ್ಟಿತ್ತು. ಅದನ್ನು ಕಟ್ಟಲು ಬಂದವನು ಗಾಳೆಪ್ಪ. ಶಿರಹಟ್ಟಿ ತಾಲೂಕಿನವನು, ಕಪ್ಪತಗುಡ್ಡದ ಬುಡದ ಹಳ್ಳಿ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಮೂವತ್ತು ವರ್ಷದಿಂದ ಕಲ್ಲು ಒಡೆದು ಗೋಡೆ ಕಟ್ಟುತ್ತ ಬಂದವನು. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ, ರದ್ದಿಗೆ ಹಾಕಲು ಕಟ್ಟಿಟ್ಟ ಪುಸ್ತಕಗಳ ನಡುವೆ ಕಲ್ಲಿನ ಚಿತ್ರಗಳಿದ್ದ ಒಂದು ಪುಸ್ತಕ ಅವನ ಕಣ್ಣಿಗೆ ಬಿತ್ತು. ರಟ್ಟು ಹರಿದುಹೋಗಿತ್ತು, ಹೆಸರೂ ಇರಲಿಲ್ಲ. ಒಯ್ಯಲೇ ಎಂದು ಕೇಳಿದ. ಟೀಚರ್ ಹೂಂ ಅಂದು ಮರೆತುಬಿಟ್ಟರು.

ನಾಲ್ಕು ತಿಂಗಳ ಮೇಲೆ ಗಾಳೆಪ್ಪನ ಫೋನ್ ಬಂತು. ಪುಸ್ತಕ ಮುಗಿದಿದೆ, ಆದರೆ ಅದರಲ್ಲಿರುವುದನ್ನು ಯಾರಿಗೆ ಹೇಳಬೇಕೋ ತಿಳಿಯುತ್ತಿಲ್ಲ ಅಂದ. ರವಿವಾರ ಬಾ ಎಂದರು ಟೀಚರ್.

ಬಂದ. ಬಾಗಿಲ ಹತ್ತಿರದ ಕುರ್ಚಿಯ ತುದಿಗೆ ಕೂತ. ಹುಚ್ಚೀರಪ್ಪ ಮೂರು ಕಾದಂಬರಿಗಳ ತಪ್ಪು ಹುಡುಕಿ ಮುಗಿಸಿದ್ದರು. ಅಮೃತವ್ವ ಒಂದು ಆತ್ಮಕತೆ ಹೇಳಿದ್ದರು. ಗಾಳೆಪ್ಪನ ಸರದಿ ಬಂದಾಗ ಅವನು ಎದ್ದು ನಿಂತು, ಟವೆಲಿನ ಗಂಟು ಬಿಚ್ಚಿ ಮೇಜಿನ ಮೇಲೆ ಒಂದು ಕಲ್ಲಿಟ್ಟ. ಅಂಗೈಯಗಲದ ಕಲ್ಲು. ಅದರ ಮೈತುಂಬ ಕೆಂಪು, ಕಪ್ಪು, ಮತ್ತೆ ಕೆಂಪು, ಮತ್ತೆ ಕಪ್ಪು ಪಟ್ಟಿ.

ಮೊದಮೊದಲು ದಿನಕ್ಕೆ ಎರಡೇ ಸಾಲು ಓದಲು ಆಗುತ್ತಿತ್ತು ಎಂದು ಹೇಳಿದ. ತಿಳಿಯದ ಮಾತುಗಳನ್ನು ಊರ ಮಾಸ್ತರರ ಹತ್ತಿರ ಕೇಳುತ್ತಿದ್ದ. ಒಂದು ದಿನ ಪುಟ ತಿರುವಿದಾಗ ಇಂಥದೇ ಕಲ್ಲಿನ ಚಿತ್ರ ಕಂಡಿತು. ಕೆಳಗೆ ಕಪ್ಪತಗುಡ್ಡ ಎಂದು ಅಚ್ಚಾಗಿತ್ತು. ಪುಸ್ತಕ ಹಿಡಿದುಕೊಂಡೇ ಹೊರಗೆ ಬಂದು ನೋಡಿದರೆ, ಅವನ ಅಜ್ಜ ಬಾಗಿಲ ಮುಂದೆ ಮೆಟ್ಟಿಲಾಗಿ ಹಾಕಿದ್ದ ಕಲ್ಲು ಅದೇ.

"ಈ ಕಲ್ಲು ಸಮುದ್ರದ ತಳದಾಗಿನ ರಾಡಿ ಇತ್ತಂತ್ರಿ," ಎಂದ ಗಾಳೆಪ್ಪ. "ನಮ್ಮ ಗುಡ್ಡ ಐತೆಲ್ಲ, ಅಲ್ಲಿ ಸಮುದ್ರ ಇತ್ತಂತ."

ಹುಚ್ಚೀರಪ್ಪ ಚಷ್ಮಾ ಸರಿಮಾಡಿಕೊಂಡರು. "ಸಮುದ್ರ ಇತ್ತಂದ್ರ ಮೀನ ಇರಬೇಕಲ್ಲ? ಅದರ ಗುರ್ತ ಎಲ್ಲೈತಿ?"

"ಮೀನ ಆವಾಗಿನ್ನಾ ಹುಟ್ಟೇ ಇರಲಿಲ್ರಿ, ಸರ. ಹುಲ್ಲಿಲ್ಲ, ಗಿಡಾ ಇಲ್ಲ. ನಾವು ಉಸರಾಡೂ ಗಾಳಿನೂ ಇರಲಿಲ್ರಿ."

ಅವನು ನಿಧಾನವಾಗಿ ಬಿಡಿಸಿ ಹೇಳಿದ. ಆ ನೀರಿನಲ್ಲಿ ಕಬ್ಬಿಣ ಕರಗಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು ಬಿಸಿಲು ಉಂಡು ಗಾಳಿ ಬಿಡತೊಡಗಿದವು. ಆ ಗಾಳಿ ತಾಗಿದ ಕಬ್ಬಿಣ ತುಕ್ಕು ಹಿಡಿದು ತಳಕ್ಕೆ ಇಳಿಯಿತು. ಒಂದು ಪದರ, ಅದರ ಮೇಲೆ ಇನ್ನೊಂದು. ನೀರಿನ ಕಬ್ಬಿಣವೆಲ್ಲ ಹೀಗೆ ಇಳಿಯುತ್ತ ಬಂದ ಮೇಲೆಯೇ ಗಾಳಿ ಸಮುದ್ರದಿಂದ ಮೇಲೆದ್ದು ಆಕಾಶ ತುಂಬಿದ್ದು.

"ನಾವೀಗ ಎಳಕೊಳ್ಳೂ ಉಸರು ಶುರು ಆಗಿದ್ದು ಇಂಥಾ ಕಲ್ಲು ಆಗೂ ಹೊತ್ತಿನ್ಯಾಗ್ರಿ," ಎಂದು ಹೇಳಿ ಕೂತುಬಿಟ್ಟ.

ಕಲ್ಲು ಕೈಯಿಂದ ಕೈಗೆ ಹೋಯಿತು. ಅಮೃತವ್ವ ಉಗುರಿನಿಂದ ಒಂದೊಂದೇ ಪಟ್ಟಿ ಮುಟ್ಟುತ್ತ, ಇದಕ್ಕೆ ಎಷ್ಟು ವರ್ಷವಾಗಿದೆ ಎಂದು ಕೇಳಿದರು. ಇನ್ನೂರೈವತ್ತು ಕೋಟಿಗೂ ಹೆಚ್ಚು ಎಂದ ಗಾಳೆಪ್ಪ. ಅಷ್ಟು ದೊಡ್ಡ ಸಂಖ್ಯೆ ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಕ್ಕಿಲ್ಲ. ಅಮೃತವ್ವ ಕೊನೆಯ ಪಟ್ಟಿಯ ಮೇಲೆ ಬೆರಳಿಟ್ಟು, "ಇದನ್ನ ನೇಯಾಕ ಯಾರಿಗೆ ಇಷ್ಟ ಪುರಸೊತ್ತ ಇತ್ತೋ," ಅಂದರು.

ಹುಚ್ಚೀರಪ್ಪನವರ ಕೈಗೆ ಬಂದ ಕಲ್ಲು ಮುಂದೆ ಹೋಗಲೇ ಇಲ್ಲ. ಸಣ್ಣ ಕಲ್ಲಾದರೂ ಕಬ್ಬಿಣದ ಭಾರ. ಚಹಾ ಆರಿತು. ಕೊನೆಗೆ ಅವರು, ಆ ಬಂಡೆಯನ್ನು ಕಣ್ಣಾರೆ ನೋಡಬೇಕು ಎಂದು ಮಾತ್ರ ಹೇಳಿದರು.

ಮುಂದಿನ ರವಿವಾರ ಟೀಚರ್, ಅಮೃತವ್ವ, ಹುಚ್ಚೀರಪ್ಪ ಮೂವರೂ ಶಿರಹಟ್ಟಿ ಬಸ್ಸು ಹಿಡಿದು, ಅಲ್ಲಿಂದ ಟಂಟಂ ಮಾಡಿಕೊಂಡು ಗಾಳೆಪ್ಪನ ಊರಿಗೆ ಹೋದರು. ಜೋಳದ ಹೊಲ ದಾಟಿ ಒಣಗಿದ ಹಳ್ಳ ಹಿಡಿದು ಅವನ ಹಿಂದೆ ನಡೆದರು. ಹಳ್ಳ ಹೊರಳುವಲ್ಲಿ ಎರಡಾಳೆತ್ತರದ ಬಂಡೆ ಎದ್ದು ನಿಂತಿತ್ತು. ಬುಡದಿಂದ ತಲೆಯವರೆಗೂ ಅದೇ ಕೆಂಪು, ಅದೇ ಕಪ್ಪು. ಪಟ್ಟಿಗಳು ಮಲಗಿರಲಿಲ್ಲ, ಯಾರೋ ಹಿಡಿದು ಮಡಚಿದ ಸೀರೆಯ ನಿರಿಗೆಯ ಹಾಗೆ ಬಾಗಿ ಮೇಲಕ್ಕೆ ಹೋಗಿದ್ದವು.

ಸುನಿತಾ ಟೀಚರಿಗೆ ಈ ಗುಡ್ಡ ಹೊಸದಲ್ಲ. ಮುಂಡರಗಿಯ ತವರಿಗೆ ಹೋಗುವಾಗಲೆಲ್ಲ ಬಸ್ಸಿನ ಕಿಟಕಿಯಲ್ಲಿ ಕಂಡದ್ದೇ. ಊರು ಹತ್ತಿರ ಬಂತು ಎನ್ನುವುದಕ್ಕೆ ಅದೊಂದು ಗುರುತಾಗಿತ್ತು, ಅಷ್ಟೆ. ಈಗ ಅದರೆದುರು ನಿಂತಾಗ ತಾನು ಉಸಿರಾಡುತ್ತಿರುವುದು ತನಗೇ ಕೇಳಿಸತೊಡಗಿತು.

ಅಮೃತವ್ವ ಬಂಡೆಗೆ ತಾಗಿ ನಿಂತು ಪಟ್ಟಿಯ ಎಳೆ ಎಣಿಸಲು ಹೋದರು. ಒಂದು ಗೇಣಿನೊಳಗೆ ನೂರಾ ಹನ್ನೆರಡಾದ ಮೇಲೆ ಕೈಬಿಟ್ಟರು. ಹುಚ್ಚೀರಪ್ಪ ಚಪ್ಪಲಿ ಕಳಚಿ, ಎರಡೂ ಅಂಗೈಯನ್ನು ಬಂಡೆಯ ಮೇಲಿಟ್ಟು ನಿಂತರು. ಗಾಳೆಪ್ಪ ಪ್ಲಾಸ್ಟಿಕ್ ಚೀಲದಿಂದ ಪುಸ್ತಕ ತೆಗೆದ. ಸಾಲಿನ ಕೆಳಗೆ ಬೆರಳಾಡಿಸುತ್ತ, ಕಠಿಣ ಮಾತು ಬಂದಲ್ಲಿ ನಿಂತು ಮತ್ತೆ ಶುರು ಮಾಡುತ್ತ, ಆ ಪುಟವನ್ನು ಗಟ್ಟಿಯಾಗಿ ಓದಿದ. ಗುಡ್ಡದ ಗಾಳಿ ಪುಟ ಹಾರಿಸುತ್ತಿತ್ತು, ಟೀಚರ್ ಹಿಡಿದುಕೊಂಡರು.

ಓದು ಮುಗಿದ ಮೇಲೆ ಎಲ್ಲರೂ ಹಳ್ಳದಲ್ಲೇ ಕೂತು ರೊಟ್ಟಿ ತಿಂದರು. ಇಷ್ಟೆಲ್ಲ ತಿಳಿದ ಮೇಲೆ ಕಲ್ಲು ಹೇಗೆ ಒಡೆಯುತ್ತೀ ಎಂದು ಅಮೃತವ್ವ ಕೇಳಿದರು.

"ಎಂಟ ದಿನ ಸುತಗಿ ಎತ್ತಾಕ ಆಗಲಿಲ್ರಿ, ಯವ್ವಾ. ಆಮ್ಯಾಲ ಹೊಟ್ಟಿ ಕೇಳಬೇಕಲ್ಲ. ಈಗ ಒಡೀತೀನಿ, ಖರೆ ಪಟ್ಟಿ ಹೊರಗ ಕಾಣೂ ಹಂಗ ಇಟ್ಟ ಕಟ್ತೀನಿ. ಹಾದು ಹೋಗಾವ್ರು ನೋಡಲಿ ಅಂತ."

ಹೊರಡುವ ಹೊತ್ತಿಗೆ ಹುಚ್ಚೀರಪ್ಪ ಸಣ್ಣ ದನಿಯಲ್ಲಿ ಆ ಪುಸ್ತಕ ಕೇಳಿದರು. ಗಾಳೆಪ್ಪ ಸಂಕೋಚಪಟ್ಟ. ಎರಡನೆಯ ಸಲ ಓದಲು ಹಿಡಿದಿದ್ದ. ಕೊಟ್ಟುಬಿಡಲು ಮನಸ್ಸಿರಲಿಲ್ಲ.

"ಸಿಟ್ಟಿಗೇಳಬ್ಯಾಡ್ರಿ, ಸರ. ನೀವ ನಮ್ಮೂರಿಗಿ ಬರ್ರಿ. ಕೂಡೇ ಓದೂಣು."

ಹುಚ್ಚೀರಪ್ಪ ಹೋದರು. ಅವತ್ತಿನಿಂದ ಪ್ರತಿ ಬುಧವಾರ ಬೆಳಿಗ್ಗೆ ಅವರು ಗದಗಿನಲ್ಲಿ ಸಿಗುವುದಿಲ್ಲ. ಬೇವಿನ ನೆರಳಲ್ಲಿ ಗಾಳೆಪ್ಪ ಒಂದು ಪುಟ ಓದಿದರೆ ಅವರೊಂದು ಪುಟ ಓದುತ್ತಾರೆ. ತಿಳಿಯದಿದ್ದಾಗ ಇಬ್ಬರೂ ಎದ್ದು ಹಳ್ಳದ ಕಡೆ ನಡೆಯುತ್ತಾರೆ. ಪುಸ್ತಕ ಎಲ್ಲಿಗೆ ಬಂತು ಎಂದು ಮೊನ್ನೆ ಟೀಚರ್ ಕೇಳಿದಾಗ, ಬರಿಯ ಬಂಡೆಯಾಗಿದ್ದ ನೆಲದ ಮೇಲೆ ಮೊದಲ ಹಸಿರು ಹುಟ್ಟುವಲ್ಲಿಗೆ ಬಂದಿದ್ದೇವೆ ಎಂದು ಹೇಳಿದರಂತೆ.